ಮಾವನವರ ಪಿಸ್ತೂಲು ಬಿಚ್ಚಿದ್ದು

ನನಗೆ ಹುಟ್ಟಿನಿಂದ ನಗುವಿನ ಕಾಯಿಲೆ. ನಗಬಾರದ ಕಡೆಯೇ ಅದು ಬರುವುದು. ನನ್ನ ಮದುವೆಯಲ್ಲಿ ಪುರೋಹಿತರು ನಮ್ಮಿಬ್ಬರನ್ನೂ ಛತ್ರದ ಅಂಗಳಕ್ಕೆ ಕರೆದುಕೊಂಡು ಹೋಗಿ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಆಕಾಶಕ್ಕೆ ಬೆರಳು ಮಾಡಿ, ಅಗೋ ಅರುಂಧತಿ ನಕ್ಷತ್ರ, ಕಾಣಿಸಿತೇನಮ್ಮಾ ಎಂದು ಕೇಳಿದರು. ಕಾಣಿಸಿತು ಎಂದು ಹೇಳಿ ಮುಗಿಸುವುದು ಬಿಟ್ಟು ಕಿಸಕ್ಕನೆ ನಕ್ಕೆ. ಒಂದು ಸಲ ಶುರುವಾದರೆ ನಿಲ್ಲುವ ಜಾತಿಯದಲ್ಲ ಅದು. ಬಾಸಿಂಗ ಅಲ್ಲಾಡುವಷ್ಟು ನಕ್ಕೆ. ನನ್ನಮ್ಮ ಹಿಂದಿನಿಂದ ಸೊಂಟ ಚಿವುಟಿದ ಗುರುತು ವಾರಗಟ್ಟಲೆ ಇತ್ತು.

ಇಂಥವಳನ್ನು ಗುಬ್ಬಿಯ ಕೊಬ್ಬರಿ ಮಂಡಿಯವರ ಮನೆಗೆ ಕೊಟ್ಟರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮಪ್ಪನಿಗೆ ತುಮಕೂರಿನಲ್ಲಿ ಹೊಲಿಗೆ ಮಿಷನ್ ರಿಪೇರಿ ಅಂಗಡಿ, ಮನೆ ಉಪ್ಪಾರಹಳ್ಳಿಯಲ್ಲಿ. ಗಂಡುಮಕ್ಕಳಿಲ್ಲದ ಮನೆ. ಕಾಲೇಜಿನಿಂದ ಬಂದವಳೇ ಅಪ್ಪನ ಎದುರು ಚಕ್ಕಳಮಕ್ಕಳ ಹಾಕಿ ಕೂತು ಮಿಷನ್ ಬಿಚ್ಚುತ್ತಿದ್ದೆ. ನೂಲು, ಧೂಳು, ಮುರಿದ ಸೂಜಿ, ಒಂದು ಸಲ ಇಡೀ ಒಂದು ಸತ್ತ ಜಿರಳೆ, ಮಿಷನ್ನಿನ ಹೊಟ್ಟೆಯಲ್ಲಿ ಇಲ್ಲದ್ದಿಲ್ಲ. ಹೆಣ್ಣು ನೋಡಲು ಬಂದ ದಿನ ನನ್ನ ಉಗುರ ಸಂದಿಯಲ್ಲಿ ಎಣ್ಣೆಯ ಕಪ್ಪಿತ್ತು. ಕಾಫಿ ಕೊಡುವಾಗ ಅತ್ತೆಯವರು ಅದನ್ನು ನೋಡಿ ಸೌದೆ ಒಲೆಯ ಮಸಿ ಎಂದುಕೊಂಡರಂತೆ. ಕೆಲಸಗಾತಿ ಹುಡುಗಿ ಎಂದು ಅಲ್ಲೇ ಒಪ್ಪಿಬಿಟ್ಟರಂತೆ.

ಮಾವನವರಿಗೆ ಒಂದು ಪಿಸ್ತೂಲಿತ್ತು. ಅವರಪ್ಪನ ಕಾಲದ್ದು, ಅಂಗೈಯಗಲದ್ದು. ಮಂಡಿಯ ದುಡ್ಡು ತರುವ ದಾರಿಯಲ್ಲಿ ಕಳ್ಳರ ಭಯವೆಂದು ಆ ಅಜ್ಜ ಲೈಸೆನ್ಸ್ ಮಾಡಿಸಿದ್ದರಂತೆ. ಒಬ್ಬ ಕಳ್ಳನಾದರೂ ಅಡ್ಡ ಬಂದದ್ದನ್ನು ಯಾರೂ ಕೇಳಿಲ್ಲ. ವರ್ಷವೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ ಮಲಗಿರುತ್ತಿದ್ದ ಅದು ಏಳುತ್ತಿದ್ದದ್ದು ಆಯುಧ ಪೂಜೆಗೆ. ಮಾರನೆಯ ದಿನ, ವಿಜಯದಶಮಿಯ ಸಂಜೆ, ಊರಾಚೆ ಬನ್ನಿ ಮರದ ಹತ್ತಿರ ಒಂದು ಬಾಳೆಕಂಬ ನೆಟ್ಟು ಅದಕ್ಕೆ ಹೊಡೆಯಬೇಕು. ಬೇರೆ ಕಡೆ ಕತ್ತಿಯಲ್ಲಿ ಕಡಿಯುತ್ತಾರೆ, ಬಾಣ ಬಿಡುತ್ತಾರೆ. ನಮ್ಮ ಬೀದಿಯವರದ್ದು ಗುಂಡು. ಅಂಬು ಹೊಡೆಯುವುದು ಎಂದೇ ಅದಕ್ಕೆ ಹೆಸರು. ಅದಾದ ಮೇಲೆಯೇ ಬನ್ನಿ ಸೊಪ್ಪು ಹಂಚುವುದು. ಹೆಂಗಸರು ಅಲ್ಲಿಗೆ ಹೋಗುವ ಹಾಗಿಲ್ಲ. ಮನೆಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಸದ್ದಿಗೆ ಕಾಯಬೇಕು. ಸದ್ದು ಕೇಳಿದರೆ ಕರ್ಪೂರ, ಆಮೇಲೆ ಹೋಳಿಗೆ. ಆ ಗುಂಡು ಹೊಡೆಯುವ ಹಕ್ಕು ಅಜ್ಜನ ಕಾಲದಿಂದ ನಮ್ಮ ಮನೆಯದು.

ನಾನು ಆ ಮನೆ ಸೇರುವ ಹಿಂದಿನ ವರ್ಷ ಪಿಸ್ತೂಲು ಕೈಕೊಟ್ಟಿತ್ತು. ನಾನು ಕಣ್ಣಾರೆ ನೋಡಿದ್ದಲ್ಲ, ಆದರೆ ಬೀದಿಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ನೋಡಿದಂತೆಯೇ ಲೆಕ್ಕ. ಮಾವನವರು ಪೇಟ ಕಟ್ಟಿಕೊಂಡು, ಎದೆ ಉಬ್ಬಿಸಿ, ಕೈ ಚಾಚಿ ಪಿಸ್ತೂಲಿನ ಕುದುರೆ ಎಳೆದರು. ಅದು ಅಲ್ಲಾಡಲಿಲ್ಲ. ಇನ್ನೊಂದು ಬೆರಳು ಸೇರಿಸಿ ಎಳೆದರು. ಹಲ್ಲು ಕಚ್ಚಿ ಎಳೆದರು. ತಮಟೆಯವರು ಬಡಿದು ಬಡಿದು ಸುಸ್ತಾಗಿ ಕೈ ಕೆಳಗಿಟ್ಟರು. ಬಾಳೆಕಂಬ ನಿಂತೇ ಇತ್ತು. ಕೊನೆಗೆ ಮಾವನವರ ದಾಯಾದಿ ಅಣ್ಣ, ಅದೇ ಬೀದಿಯ ದೊಡ್ಡಮನೆಯ ಯಜಮಾನರು, ತಮ್ಮ ಜೋಡುನಳಿಗೆ ಕೋವಿ ತರಿಸಿ ಢಮ್ಮೆನಿಸಿದರು. ಬಾಳೆ ಎರಡು ತುಂಡು. ಜನ ಕೇಕೆ ಹಾಕಿದರು. ಅವರನ್ನು ನಾನು ದೊಡ್ಡಮಾವ ಎನ್ನುತ್ತಿದ್ದೆ. ಕೆಟ್ಟವರಲ್ಲ, ಆದರೆ ಬಾಯಿ ಸುಮ್ಮನಿರದು. ವರ್ಷವಿಡೀ ಮಂಡಿಯಲ್ಲಿ ಎದುರಾದಾಗಲೆಲ್ಲ, ಏನಪ್ಪ, ಬಾಳೆಗಿಡ ಕ್ಷೇಮವಾಗೈತಾ ಎಂದು ವಿಚಾರಿಸಿಕೊಳ್ಳುತ್ತಿದ್ದರು. ಆಮೇಲೆ ಊರಿನ ಪಂಚರ ಮುಂದೆ ಒಂದು ಮಾತು ಆಡಿಬಿಟ್ಟರು. ಈ ದಸರಾದಲ್ಲೂ ಪಿಸ್ತೂಲು ಬಾಯಿ ಬಿಡದಿದ್ದರೆ ಅಂಬು ಇನ್ನು ಮುಂದೆ ದೊಡ್ಡಮನೆ ಕೋವಿಯದೇ. ಎಲ್ಲರೂ ಹೂಂ ಎಂದರು. ಮಾವನವರೂ ಹೂಂ ಎಂದು ಬಂದು, ಊಟ ಮಾಡದೆ ಜಗಲಿಯ ಮೇಲೆ ಕೂತರು.

ಇದರ ನೋವು ಮಾವನವರಿಗಿಂತ ಅತ್ತೆಯವರಿಗೇ ಹೆಚ್ಚು. ಅವರ ಲೆಕ್ಕವೇ ಬೇರೆ ಇತ್ತು. ಗುಂಡು ತಪ್ಪಿದ ವರ್ಷ ದಸರಾಕ್ಕೆ ಮೊದಲು ಅವರ ತಾಯಿ ತೀರಿಕೊಂಡು ಇವರು ಕುಣಿಗಲ್ಲಿನ ತವರಿನಲ್ಲೇ ಉಳಿದಿದ್ದರು. ಆಯುಧ ಪೂಜೆಯನ್ನು ಮನೆಯ ಗಂಡಸರು ಕಾಟಾಚಾರಕ್ಕೆ ಮಾಡಿ ಮುಗಿಸಿದ್ದರು. ತಮ್ಮ ಅತ್ತೆಯ ಕಾಲ ಮುಗಿದ ಮೇಲೆ ಇಪ್ಪತ್ತು ವರ್ಷ ತಮ್ಮ ಕೈಯಾರೆ ಪೂಜೆ ಮಾಡಿದಾಗ ಒಂದು ಸಲವೂ ತಪ್ಪದ ಗುಂಡು, ತಾವಿಲ್ಲದ ವರ್ಷ ತಪ್ಪಿತು. ಇನ್ನೇನು ಬೇಕು? ನಾನಿರ್ಬೇಕಿತ್ತು, ನಾನಿರ್ಬೇಕಿತ್ತು ಎಂದು ಅಕ್ಕಿ ಆರಿಸುವಾಗ, ಸಾರಿಗೆ ಒಗ್ಗರಣೆ ಹಾಕುವಾಗ ಅವರಷ್ಟಕ್ಕೆ ಅವರೇ ಹೇಳಿಕೊಳ್ಳುತ್ತಿದ್ದರು. ಈ ಸಲ ಪೂಜೆ ಹೇಗಿರುತ್ತೆ ನೋಡ್ತಿರು ಎಂದು ನನಗೆ ಹೇಳುವಾಗ ಅವರ ಮುಖದಲ್ಲಿ ಇದ್ದ ಹಟ ನೋಡಿದರೆ ಪಿಸ್ತೂಲಿಗೇ ಭಯವಾಗಬೇಕಿತ್ತು.

ಮಾವನವರು ಸುಮ್ಮನೆ ಕೂತಿರಲಿಲ್ಲ. ತುಮಕೂರಿನ ಕೋವಿ ಅಂಗಡಿಗೆ ಹೋಗಿ ಬಂದರು. ಬೆಂಗಳೂರಿಗೆ ಕಳಿಸಬೇಕು, ದೀಪಾವಳಿ ಕಳೆದ ಮೇಲೆ ನೋಡೋಣ ಎಂದರಂತೆ. ಅಷ್ಟರಲ್ಲಿ ಅತ್ತೆಯ ತಾಯಿಯ ವರ್ಷದ ತಿಥಿ ಬಂತು. ಕುಣಿಗಲ್ಲಿಗೆ ಹೊರಟಾಗ ಮಾವನವರು ಪಿಸ್ತೂಲನ್ನು ಪಂಚೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಅತ್ತೆಯ ತಮ್ಮ ಮಿಲಿಟರಿಯಲ್ಲಿದ್ದು ಬಂದವರು. ಅವರಿಗಿಂತ ಬೇರೆ ಡಾಕ್ಟರು ಯಾರು ಬೇಕು ಎಂಬುದು ಮಾವನವರ ಧೈರ್ಯ.

ಎಡೆ ಇಟ್ಟು, ಊಟ ಮುಗಿದು, ಎಲೆ ಅಡಿಕೆ ಹಾಕಿಕೊಂಡು ಮಿಲಿಟರಿ ಮಾವ ಪಿಸ್ತೂಲು ಕೈಗೆ ತೆಗೆದುಕೊಂಡರು. ಒಳಗೆ ತೋಟಾ ಇಲ್ಲವೆಂದು ನೋಡಿಕೊಂಡರು. ಮೇಲೆ ಹಿಂದೆಮುಂದೆ ಜಾರುವ ಸ್ಲೈಡನ್ನು ಹಿಂದಕ್ಕೆ ಎಳೆದರು. ಬರಲಿಲ್ಲ. ಎಡಗಡೆ ಅದನ್ನು ಹಿಡಿದು ಬಿಡುವ ಒಂದು ಸಣ್ಣ ಕೊಂಡಿಯಿದೆ. ಹೆಬ್ಬೆರಳಿನಿಂದ ಅದನ್ನು ಒತ್ತಿದರು, ಅದೂ ಜಗ್ಗಲಿಲ್ಲ. ಮೊಣಕಾಲ ಸಂದಿಗೆ ಸಿಕ್ಕಿಸಿಕೊಂಡು ಎಳೆದರು. ಬಾಗಿಲ ಕಂಬಕ್ಕೆ ಕಾಲು ಕೊಟ್ಟು ಎಳೆದರು. ಅದು ಒಮ್ಮೆಲೇ ಬಂದು, ಹಾಗೇ ಕಚ್ಚಿಕೊಂಡು, ಅಂಗೈ ಚರ್ಮ ಹಿಡಿದುಕೊಂಡಿತು. ಮಿಲಿಟರಿ ಮಾವ ಗಡಿಯಲ್ಲೂ ಹಾಗೆ ಕೂಗಿರಲಾರರು. ಕೈ ಬಿಡಿಸಿಕೊಂಡ ಮೇಲೆ ಅವರು ಬರೆದುಕೊಟ್ಟ ಔಷಧಿ ಒಂದೇ, ಎಣ್ಣೆ ಬಿಡಿ. ಹೆಂಡತಿಯ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ತರಿಸಿ ಸಂದಿಸಂದಿಗೂ ಸುರಿದರು. ಮಾವನವರು ತಲೆದೂಗಿ, ನಾನೂ ವರ್ಷಾವರ್ಷ ಬುಡ್ತಾನೇ ಇದೀನಿ ಕಣಯ್ಯ, ಒಂದು ವರ್ಸಾನೂ ತಪ್ಸಿಲ್ಲ ಎಂದರು.

ನನಗೆ ಅಲ್ಲೇ ಕಾಯಿಲೆ ಶುರುವಾಯಿತು. ಕೊಬ್ಬರಿ ಮಂಡಿಯವರ ಮನೆ! ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಸೈಕಲ್ ಚೈನಿಗೆ ಕೊಬ್ಬರಿ ಎಣ್ಣೆ, ಮಗುವಿಗೆ ಹೊಟ್ಟೆನೋವಾದರೆ ಹೊಕ್ಕುಳಿಗೆ ಕೊಬ್ಬರಿ ಎಣ್ಣೆ. ಅಪ್ಪನ ಅಂಗಡಿಗೆ ಬರುವ ಮಿಷನ್ನುಗಳಲ್ಲಿ ಅರ್ಧಕ್ಕರ್ಧ ಕೊಬ್ಬರಿ ಎಣ್ಣೆ ಕುಡಿದು ಸತ್ತವೇ. ಚಳಿಗೆ ಗಟ್ಟಿಯಾಗಿ, ಬಿಸಿಲಿಗೆ ಕರಗಿ, ಧೂಳು ಸೇರಿ ಮೇಣವಾಗುತ್ತದೆ ಅದು. ತಿಥಿಯ ಮನೆಯಲ್ಲಿ, ಅಜ್ಜಿಯ ಫೋಟೋದ ಮುಂದೆ, ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿದೆ. ಅಳುತ್ತಿದ್ದೇನೆ ಎಂದುಕೊಂಡ ಹೆಂಗಸೊಬ್ಬರು ಬಂದು ಬೆನ್ನು ಸವರಿ ಸಮಾಧಾನ ಹೇಳಿದರು.

ವಾಪಸ್ಸು ಬರುವ ಬಸ್ಸಿನಲ್ಲಿ ಅತ್ತೆ ಮುಂದೆ ಕೂತು ತೂಕಡಿಸುತ್ತಿದ್ದರು. ಮಾವನವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಅಷ್ಟು ದೊಡ್ಡ ಮೀಸೆಯ ಮನುಷ್ಯ ಅಷ್ಟು ಚಿಕ್ಕದಾಗಿ ಕೂತದ್ದನ್ನು ನನಗೆ ನೋಡಲಾಗಲಿಲ್ಲ. ಧೈರ್ಯ ಮಾಡಿ ಕೇಳಿದೆ.

"ಮಾವ, ನಾನೊಂದ್ಸಲ ಬಿಚ್ಚಿ ನೋಡ್ಲಾ?"

"ಮಿಷನ್ ಬೇರೆ, ಇದು ಬೇರೆ ಕಣಮ್ಮ."

"ಇದೂ ಮಿಷನ್ನೇ ಅಲ್ವಾ ಮಾವ. ಹೊಲಿಯಲ್ಲ ಅಷ್ಟೇ."

ಮೀಸೆ ಸ್ವಲ್ಪ ಅಲ್ಲಾಡಿತು. ಗುಬ್ಬಿಯಲ್ಲಿ ಬಸ್ಸಿಳಿಯುವಾಗ, ಯಾರಿಗೂ ಹೇಳ್ಬೇಡ ಎಂದರು.

ಮನೆಯ ಅಟ್ಟದಲ್ಲಿ ಕೊಬ್ಬರಿಗೆಂದು ತೆಂಗಿನಕಾಯಿ ಒಟ್ಟಿದ್ದರು. ಒಣಗಿ ಒಳಗೇ ಕೊಬ್ಬರಿ ಗಡಗಡ ಎನ್ನುವ ಕಾಯಿಗಳು, ಸೂರಿನವರೆಗೂ ರಾಶಿ. ಅದರ ನಡುವೆ ಬೆಳಕಿಂಡಿಯ ಕೆಳಗೆ ಒಂದು ಗೋಣಿತಾಟು ಹಾಸಿಕೊಂಡು ಮಧ್ಯಾಹ್ನದ ಹೊತ್ತು ನಾನೂ ಮಾವನವರೂ ಕೂತೆವು. ಅತ್ತೆಗೆ ಕಾಯಿ ಎಣಿಸಲು ಹೋಗುತ್ತೇವೆ ಎಂದು ಹೇಳಿದ್ದೆವು. ಮಾವನವರು ತೋಟಾಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಬಂದಿದ್ದರು. ಆದರೂ ಪಿಸ್ತೂಲಿನ ಒಳಗೆ ನೋಡಿದ್ದನ್ನೇ ನೋಡಿದರು. ತವರಿನಿಂದ ತಂದಿದ್ದ ಸ್ಕ್ರೂಡ್ರೈವರುಗಳು, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬಟ್ಟಲು ಸೀಮೆಎಣ್ಣೆ, ಮಿಷನ್ ಎಣ್ಣೆಯ ಕೊಕ್ಕಿನ ಡಬ್ಬಿ, ಇಷ್ಟು ನನ್ನ ಕಡೆಯಿಂದ.

ಬಲವಂತ ಮಾಡಬಾರದು ಎಂಬುದು ಅಪ್ಪನ ಮೊದಲ ಪಾಠ. ಕೊಂಡಿಯ ಸುತ್ತ ಸೀಮೆಎಣ್ಣೆ ಬಿಟ್ಟು ಕಾದೆವು. ಬ್ರಷ್ಷಿನಲ್ಲಿ ಉಜ್ಜಿ ಮತ್ತೆ ಬಿಟ್ಟು ಕಾದೆವು. ಕಂದುಬಣ್ಣದ ಮೇಣ ಕರಗಿ ಇಳಿಯತೊಡಗಿತು. ಕೊನೆಗೆ ಹೆಬ್ಬೆರಳಿಗೆ ಕೊಂಡಿ ಸೋತಿತು, ಸ್ಲೈಡು ಕಳಚಿ ಬಂತು, ಅದರ ಜೊತೆಗೇ ಒಳಗಿನ ಸ್ಪ್ರಿಂಗು ಟಿಂಗ್ ಎಂದು ಹಾರಿ ತೆಂಗಿನಕಾಯಿ ರಾಶಿಯೊಳಗೆ ಮಾಯವಾಯಿತು. ಸಾವಿರಾರು ಕಾಯಿ. ಮಾವನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮಂಡಿಯ ಯಜಮಾನರು ಪಂಚೆ ಮೇಲಕ್ಕೆ ಕಟ್ಟಿ, ಮಂಡಿಯೂರಿ, ಒಂದೊಂದೇ ಕಾಯಿ ಎತ್ತಿಡತೊಡಗಿದರು. ಕೆಳಗಿನಿಂದ ಅತ್ತೆ, ಎಷ್ಟಾಯ್ತು ಲೆಕ್ಕ ಎಂದು ಕೂಗಿದರು. ಇನ್ನೂ ಎಣಿಸ್ತಾ ಇದೀವಿ ಎಂದು ಮಾವನವರು ಕೂಗಿದಾಗ ನಾನು ಗೋಣಿತಾಟಿನ ಮೇಲೆ ಉರುಳಿಬಿಟ್ಟೆ.

ಸ್ಪ್ರಿಂಗು ಸಿಕ್ಕಿತು. ಇನ್ನು ಕುದುರೆ. ಅದನ್ನು ಒತ್ತಿದರೆ ಮರಳ ಮೇಲೆ ಮಡಕೆ ಎಳೆದ ಹಾಗೆ ಕರಕರ ಎನ್ನುತ್ತಿತ್ತು. ಧೂಳಿರಬೇಕು ಎಂದುಕೊಂಡು ಸೂಜಿಯಿಂದ ಸಂದಿಯನ್ನು ಕೆದಕಿದೆ. ಹಳದಿಯ ಏನೋ ಒಂದು ಬಟ್ಟಲಿಗೆ ಬಿತ್ತು. ಇನ್ನೊಂದು. ಬೆರಳಲ್ಲಿ ಹಿಡಿದು ಬೆಳಕಿಗೆ ಹಿಡಿದೆ. ಅಕ್ಕಿಕಾಳು. ಅರಿಶಿನ ಹಚ್ಚಿದ ಅಕ್ಕಿಕಾಳು. ಕೆದಕಿದಷ್ಟೂ ಬಂತು. ಅಕ್ಷತೆ, ಒಣಗಿ ಕಲ್ಲಾದ ಗಂಧ, ಕುಂಕುಮದ ಕರಣೆ, ಕರ್ಪೂರದ ಮಸಿ, ಸೇವಂತಿಗೆಯ ಒಂದು ಎಸಳು. ಇಪ್ಪತ್ತು ಆಯುಧ ಪೂಜೆಗಳೂ ಸಾಲಾಗಿ ಆ ಕುದುರೆಯ ಹಿಂದೆ ಕೂತಿದ್ದವು. ಗಂಧದ ಪರಿಮಳ ಬೇರೆ!

ನಾನು ನಕ್ಕೆ. ಸದ್ದಾಗಬಾರದೆಂದು ಕೈಗೆ ಸಿಕ್ಕ ತೆಂಗಿನಕಾಯಿಯನ್ನು ತಬ್ಬಿಕೊಂಡು ನಕ್ಕೆ. ಮಾವನವರು ಮೊದಲು ಬಿಗಿಯಾಗಿದ್ದರು. ಆಮೇಲೆ ಅವರ ಹೊಟ್ಟೆ ಕುಲುಕಿತು, ಮೀಸೆ ಕುಲುಕಿತು, ಕಣ್ಣಲ್ಲಿ ನೀರು ಬಂತು. ಅವರು ಒರಗಿದ್ದ ರಾಶಿ ಜರಿದು ಕಾಯಿಗಳು ದಡದಡ ಉರುಳಿದವು. ಸ್ವಲ್ಪ ಹೊತ್ತಿಗೆ ಅವರ ನಗು ನಿಂತಿತು. ಆ ಕಾಳುಗಳನ್ನು ಅಂಗೈಗೆ ಹಾಕಿಕೊಂಡು ನೋಡುತ್ತ ಕೂತರು.

"ನಿಮ್ಮತ್ತೆಗೆ ಇದು ಗೊತ್ತಾಗ್ಬಾರ್ದು ಕಣಮ್ಮ. ಅವಳು ಇರ್ಲಿಲ್ಲ ಅಂತ ಹಿಂಗಾಯ್ತು ಅಂದ್ಕಂಡವ್ಳೆ. ಅವಳಿದ್ದುದ್ಕೇ ಹಿಂಗಾಯ್ತು ಅಂದ್ರೆ ತಡ್ಕಣಲ್ಲ."

ಆಗಲಿ ಎಂದೆ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮಿಷನ್ ಎಣ್ಣೆ ಒಂದೊಂದೇ ಹನಿ ಬಿಟ್ಟು ಜೋಡಿಸಿದೆವು. ಸ್ಲೈಡು ಹೋಯಿತು, ಬಂತು. ಕೊಂಡಿ ಮುಟ್ಟಿದರೆ ಸಾಕು ಸರಕ್ಕನೆ ಬಿಟ್ಟಿತು. ಮಾವನವರು ಬರಿಯ ಪಿಸ್ತೂಲನ್ನು ಗೋಡೆಗೆ ಹಿಡಿದು ಕುದುರೆ ಎಳೆದರು. ಟಿಕ್. ಇನ್ನೊಂದು ಸಲ ಎಳೆದರು. ಟಿಕ್. ನನ್ನ ಜನ್ಮದಲ್ಲಿ ಅಷ್ಟು ಸಂತೋಷಪಟ್ಟ ಗಂಡಸನ್ನು ನಾನು ನೋಡಿಲ್ಲ.

ಆಮೇಲಿನ ದಿನಗಳು ನನಗೆ ನಿಜವಾದ ಪರೀಕ್ಷೆ. ಮಾವನವರಿಗೆ ಆ ಟಿಕ್ಕಿನ ಚಟ ಹತ್ತಿಬಿಟ್ಟಿತು. ಹಾಲು ಕುಡಿದು ಕೋಣೆಗೆ ಹೋಗಿ ಟಿಕ್. ಸ್ನಾನಕ್ಕೆ ಮೊದಲು ಟಿಕ್. ಅತ್ತೆ ಅದನ್ನು ಹಲ್ಲಿ ಲೊಚಗುಟ್ಟಿದ್ದು ಎಂದುಕೊಂಡು, ಪ್ರತಿ ಟಿಕ್ಕಿಗೂ ನೆಲಕ್ಕೆ ಬೆರಳು ತಟ್ಟಿ ಕೃಷ್ಣ ಕೃಷ್ಣ ಎನ್ನುತ್ತಿದ್ದರು. ಮಾತಿನ ಕೊನೆಗೆ ಹಲ್ಲಿ ನುಡಿದರೆ ಆ ಮಾತು ನಿಜವಾಗುತ್ತದಲ್ಲ! ಈ ಸಲ ಅಂಬು ಹೊಡೆದೇ ಹೊಡೀತಾರೆ ಎಂದು ಅತ್ತೆ ಹೇಳಿದ ಗಳಿಗೆಗೇ ಕೋಣೆಯಿಂದ ಟಿಕ್ ಎಂದಿತು. ನೋಡ್ದಾ ಎಂದು ಅವರು ಕಣ್ಣರಳಿಸಿ ನನ್ನನ್ನು ನೋಡಿದರು. ನಾನು ಹಿಟ್ಟು ಕಲಸುವ ಪಾತ್ರೆಯೊಳಗೆ ಮುಖ ಹಾಕಿಕೊಂಡೆ. ನನ್ನ ಗಂಡ ತುಮಕೂರಿನ ಆಫೀಸಿನಿಂದ ಸಂಜೆ ಬಂದು, ಮನೇಲಿ ಏನಾಗಿದೆ ಎಲ್ಲರಿಗೂ ಎಂದು ಕೇಳುತ್ತಿದ್ದರು. ಅವರಿಗೆ ಪಿಸ್ತೂಲೆಂದರೆ ಹೆದರಿಕೆ, ಆದ್ದರಿಂದ ಹೇಳಲಿಲ್ಲ.

ಆಯುಧ ಪೂಜೆಯ ಬೆಳಿಗ್ಗೆ ನಾನೊಂದು ಉಪಾಯ ಹೂಡಿದ್ದೆ. ಪಿಸ್ತೂಲನ್ನು ರೇಷ್ಮೆ ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟರೆ ಲಕ್ಷಣವಾಗಿರುತ್ತದೆ ಅತ್ತೆ ಎಂದೆ. ದೇವರ ಮಕ ಮುಚ್ಚಿ ಯಾರಾದ್ರೂ ಪೂಜೆ ಮಾಡ್ತಾರಾ ಎಂದು ಅವರು ನನ್ನ ಕೈಯ ಬಟ್ಟೆ ಕಿತ್ತೆಸೆದರು. ಹೋಗಲಿ, ಸ್ಲೈಡು ಮುಚ್ಚಿದ ಪಿಸ್ತೂಲಿನ ಮೇಲೆ ಎಷ್ಟು ಬೀಳಬಹುದು, ಬಟ್ಟೆಯಲ್ಲಿ ಒರೆಸಿದರಾಯಿತು ಎಂದುಕೊಂಡೆ. ಆದರೆ ಮಾವನವರು! ತಕ್ಕಡಿ, ಕಾಯಿ ಸುಲಿಯುವ ಸಲಾಕೆ, ಮಚ್ಚು, ನನ್ನ ಗಂಡನ ಸೈಕಲ್ಲು ಎಲ್ಲ ಸಾಲಾಗಿದ್ದ ಕಡೆ ಪಿಸ್ತೂಲು ತಂದು, ತಡೆಯಲಾರದೆ, ನೋಡೇ ಎಂದು ಹೆಂಡತಿಯ ಮುಂದೆ ಸ್ಲೈಡನ್ನು ಸರಕ್ಕನೆ ಹಿಂದಕ್ಕೆ ಎಳೆದು ಕೊಂಡಿ ಹಾಕಿ ನಿಲ್ಲಿಸಿಬಿಟ್ಟರು. ಪಿಸ್ತೂಲು ಆ ಎಂದು ಬಾಯಿ ತೆರೆದುಕೊಂಡು ಮಣೆಯ ಮೇಲೆ ಕೂತಿತು.

ಅತ್ತೆಯ ಮುಖ ಅರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ದೇವರು ತಮ್ಮ ಪೂಜೆಗೆಂದು ಬಾಯಿ ಬಿಟ್ಟಿದ್ದಾನೆ! ಆ ವರ್ಷದ ಅಕ್ಷತೆಯನ್ನು ಅವರು ತುಪ್ಪದಲ್ಲಿ ಕಲಸಿದ್ದರು. ಮುಷ್ಟಿ ತುಂಬ ಹಿಡಿದು, ಕಣ್ಣುಮುಚ್ಚಿ, ಮನೆದೇವರನ್ನು ನೆನೆದು, ತೆರೆದ ಆ ಬಾಯಿಯೊಳಕ್ಕೇ ಸುರಿದರು. ಮೇಲೊಂದು ಉದ್ಧರಣೆ ತೀರ್ಥ. ಅದರ ಮೇಲೆ ಗಂಧ. ಮಾವನವರು ನನ್ನ ಕಡೆ ನೋಡಿದ ನೋಟ ಮುಳುಗುವವನದು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನ ಮರುಪೂಜೆ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ.

ವಿಜಯದಶಮಿಯ ದಿನ ಮರುಪೂಜೆ, ಊಟ ಎಲ್ಲ ಆಗಿ ನಾವು ಅಟ್ಟ ಹತ್ತುವ ಹೊತ್ತಿಗೆ ಹೊತ್ತು ವಾಲಿತ್ತು. ತುಪ್ಪದ ಅಕ್ಷತೆ ಒಳಗೆ ಮೊಸರನ್ನದಂತೆ ಹಿಡಿದುಕೊಂಡಿತ್ತು. ಬಿಚ್ಚಿ, ಸೀಮೆಎಣ್ಣೆ ಬಿಟ್ಟು ಉಜ್ಜುತ್ತಿದ್ದೆ. ಬೀದಿಯಲ್ಲಿ ತಮಟೆ ಶುರುವಾಯಿತು. ದೊಡ್ಡಮಾವನ ಗಂಟಲು ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು. ನಾನು ಇನ್ನಷ್ಟು ಜೋರಾಗಿ ಉಜ್ಜಿದೆ. ಆಗ ಏಣಿಯ ಮೇಲೆ ಬಳೆ ಸದ್ದಾಯಿತು. ಆರತಿಗೆ ಒಂದು ಒಳ್ಳೆಯ ಕಾಯಿ ಆರಿಸಲು ಅತ್ತೆಯೇ ಹತ್ತಿ ಬಂದಿದ್ದರು.

ಬಿಚ್ಚಿ ಹಾಕಿದ ಪಿಸ್ತೂಲು ನೋಡಿದರು, ತಟ್ಟೆಯಲ್ಲಿ ಗುಡ್ಡೆಯಾಗಿದ್ದ ಹಳದಿ ಅಕ್ಕಿ ನೋಡಿದರು, ನನ್ನ ಕೈಯ ಬ್ರಷ್ಷು ನೋಡಿದರು. ಅತ್ತೆ ಮೆಲ್ಲಗೆ ಕಾಯಿ ರಾಶಿಯ ಮೇಲೆ ಕೂತರು.

"ಇಪ್ಪತ್ತು ವರ್ಸ ಗುಂಡು ಹಾರ್ಲಪ್ಪ ಅಂತ ಬೇಡ್ಕಂಡು, ನಾನೇ ಅದರ ಬಾಯಿಗೆ ಅಕ್ಕಿ ತುಂಬ್ತಿದ್ನಾ?"

ಮಾವನವರು ತೊದಲುತ್ತ, ಹಂಗಲ್ಲ ಕಣೇ, ಹೋದ ವರ್ಷ ನೀನಿರಲಿಲ್ಲ, ಅದಕ್ಕೇ ಅದು ಮುನಿಸಿಕೊಂಡಿತ್ತು ಎಂದು ಏನೇನೋ ಹೇಳಿದರು. ಅತ್ತೆ, ಸುಮ್ನಿರಿ ಎಂದರು. ಅವರ ಕಣ್ಣು ತುಂಬಿತ್ತು. ನಾನು ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಲು ಹೋದೆ. ಅವರು ನನ್ನ ಕೈ ಸರಿಸಿ, ತುರುಬಿನಿಂದ ಒಂದು ಪಿನ್ನು ಎಳೆದು, ಗೋಣಿತಾಟಿನ ಮೇಲೆ ಬಂದು ಕೂತರು.

"ಕೊಡಿಲ್ಲಿ. ತುಂಬ್ದೋಳು ನಾನು, ತೆಗೆಯೋಳೂ ನಾನೇ."

ಅಕ್ಕಿಯಲ್ಲಿ ಕಲ್ಲು ಆರಿಸಿದ ಕೈ ಅದು. ನಾನು ಕಾಣದ ಮೂಲೆಗಳಿಂದ ಕಾಳು ಎಬ್ಬಿಸಿ ಎಬ್ಬಿಸಿ ತೆಗೆದರು. ಒಂದು ಕಾಳು ಬಂದಾಗ, ಇದು ನಮ್ ತಮ್ಮನ ಮದುವೆ ವರ್ಸದ್ದಿರ್ಬೇಕು ಎಂದರು. ಅಳುತ್ತಲೇ ಅಂದರು, ಅಂದು ಫಕ್ಕನೆ ನಕ್ಕರು. ನನಗೆ ಹೋಗಿದ್ದ ಜೀವ ಬಂತು. ಮೂವರೂ ಮೂಗು ಒರೆಸಿಕೊಳ್ಳುತ್ತ ನಗುತ್ತ ಒರೆಸಿದೆವು, ಎಣ್ಣೆ ಬಿಟ್ಟೆವು, ಜೋಡಿಸಿದೆವು. ಕೆಳಗೆ ಬಾಗಿಲು ಬಡಿಯುತ್ತಿದ್ದರು. ಮಾವನವರು ಪೇಟ ಸರಿಮಾಡಿಕೊಂಡು, ತೋಟಾ ಹಾಕಿಕೊಂಡು ಹೊರಟುಬಿಟ್ಟರು. ಒಂದು ಸಲ ಟಿಕ್ ಎನಿಸಿ ನೋಡಲೂ ಹೊತ್ತಿರಲಿಲ್ಲ. ಒಳಗೆ ಇನ್ನೊಂದು ಕಾಳು ಉಳಿದಿದೆಯೋ ಇಲ್ಲವೋ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತರು, ಪಕ್ಕದಲ್ಲಿ ನಾನು. ಬೀದಿಯ ಎಲ್ಲ ಬಾಗಿಲಲ್ಲೂ ಹೆಂಗಸರು. ತಮಟೆ ದೂರವಾಗಿ ನಿಂತುಹೋಯಿತು. ಅಂದರೆ ಈಗ ಕೈ ಚಾಚಿದ್ದಾರೆ. ಯಾರೋ ಪಟಾಕಿ ಹೊಡೆದರು, ಎದುರುಮನೆಯಾಕೆ ಕರ್ಪೂರ ಹಚ್ಚಿಯೇಬಿಟ್ಟರು. ಅಲ್ಲ ಎಂದು ಅತ್ತೆ ತಲೆಯಾಡಿಸಿದರು. ಮತ್ತೆ ಏನೂ ಇಲ್ಲ. ಇವತ್ತು ಸದ್ದು ಬರ್ಲಿಲ್ಲಾಂದ್ರೆ ಅದು ನನ್ ಕೈಯಿಂದ್ಲೇ ಹೋದಂಗೆ ಎಂದು ಅತ್ತೆ ನನ್ನ ಕಡೆ ತಿರುಗದೆ ಹೇಳಿದರು. ತಟ್ಟೆಯಲ್ಲಿ ದೀಪದ ಬಟ್ಟಲು ಕಟಕಟ ಎನ್ನುತ್ತಿತ್ತು. ನಾನು ತಟ್ಟೆಯ ಇನ್ನೊಂದು ಅಂಚು ಹಿಡಿದುಕೊಂಡೆ.

ಸದ್ದು ಬಂತು. ಒಂದೇ ಸದ್ದು. ಆದರೆ ಅದು ಪಿಸ್ತೂಲೋ ದೊಡ್ಡಮನೆಯ ಕೋವಿಯೋ ನನಗೆ ಹೇಗೆ ತಿಳಿಯಬೇಕು? ಎರಡನ್ನೂ ನಾನು ಕೇಳಿದವಳಲ್ಲ. ಅತ್ತೆಯ ಮುಖ ನೋಡಿದೆ. ಇಪ್ಪತ್ತು ವರ್ಷ ಅದೇ ಬಾಗಿಲಲ್ಲಿ ನಿಂತು ಕೇಳಿದವರು ಅವರು. ತಲೆ ಒಂದು ಕಡೆ ವಾಲಿಸಿ, ಸದ್ದು ಪೂರ್ತಿ ಅಡಗುವವರೆಗೂ ಕಾದರು.

"ನಮ್ದೇ ಕಣೇ," ಎಂದರು. "ನಮ್ದೇ."

ನಾನು ಕುಣಿದೇಬಿಟ್ಟೆ. ಹೊಸ ಸೊಸೆ, ಬೀದಿಯೆಲ್ಲ ನೋಡುತ್ತಿದೆ, ಯಾವುದೂ ಲಕ್ಷ್ಯವಿಲ್ಲ. ಅತ್ತೆಗೆ ಬೆಂಕಿಕಡ್ಡಿ ಗೀರಲು ಬರಲಿಲ್ಲ, ಅಷ್ಟು ನಗು ಅವರಿಗೆ.

ಬಾಳೆಯ ಹತ್ತಿರ ಹೋಗಿ ತೂತು ಹುಡುಕಿ, ಬೆರಳು ಹಾಕಿ ತೋರಿಸಿದವರು ದೊಡ್ಡಮಾವನೇ ಅಂತೆ. ಈ ಮಗಾ ಹೊಡೆದೇಬುಟ್ಟ ಎಂದು ಮಾವನವರನ್ನು ಅವರೇ ತಬ್ಬಿಕೊಂಡರಂತೆ. ಇಬ್ಬರೂ ಬನ್ನಿ ಸೊಪ್ಪು ಹಿಡಿದು ಬಂದಾಗ ಬೀದಿಯ ಜನವೆಲ್ಲ ಹಿಂದೆ. ಅತ್ತೆ ಆರತಿ ಎತ್ತಿದರು. ಗಂಡನ ಹಣೆಗೆ ಕುಂಕುಮ ಇಟ್ಟರು. ಮಾವನವರು ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನಿಂತಿದ್ದರು, ಅತ್ತೆ ರೂಢಿಯಂತೆ ಬೆರಳು ತುಂಬ ಕುಂಕುಮ ತೆಗೆದು ಅದರ ಕಡೆ ಚಾಚಿದರು. ಮಾವನವರು ಹೌಹಾರಿ ಪಿಸ್ತೂಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಜನಕ್ಕೆ ಏನೂ ಅರ್ಥವಾಗಲಿಲ್ಲ. ಅತ್ತೆ ಕುಂಕುಮದ ಬೆರಳನ್ನು ಗಾಳಿಯಲ್ಲೇ ಹಿಡಿದು ನಿಂತರು. ತೆಗೆದ ಕುಂಕುಮವನ್ನು ಮತ್ತೆ ತಟ್ಟೆಗೆ ಹಾಕಬಾರದು.

ಅವರು ನನ್ನ ಕಡೆ ತಿರುಗಿ, ನನ್ನ ಬಲಗೈಯನ್ನು ಎಳೆದುಕೊಂಡು, ಸೀಮೆಎಣ್ಣೆಯ ವಾಸನೆ ಹೋಗದ ಹೆಬ್ಬೆರಳಿನ ಮೇಲೆ ಅಷ್ಟೂ ಕುಂಕುಮವನ್ನು ಒತ್ತಿ ಹಚ್ಚಿದರು.

"ಇದುಕ್ಕಾದ್ರೂ ಹಚ್ಚಬೋದಾ?" ಎಂದು ಕೇಳಿದರು. "ಇದೇನೂ ಕಚ್ಕಂಡು ನಿಂತ್ಕಳಲ್ವಲ್ಲ?"

ನಗುವುದಕ್ಕೆ ಬಾಯಿ ತೆರೆದೆ. ಆ ಒಂದು ಸಲ ನನಗೆ ನಗು ಬರಲಿಲ್ಲ.